ಆರೋಪಿ ಪರ ವಕೀಲರು ಗಟ್ಟಿಯಾಗಿ ಇಲ್ದೇ ಇದ್ರೆ ತೀರ್ಪು ಎಲ್ಲಿ ದಾರಿ ತಪ್ಪುತ್ತೆ

ಯಾವುದಾದ್ರೂ ಕ್ರೂರವಾದ ಕೇಸಿನ ಸುದ್ದಿ ಟಿವಿಲಿ ಬಂದ ಕೂಡ್ಲೇ ಎರಡು ಮಾತು ಕೇಳಿಸುತ್ತೆ, ಒಂದು ಅವನನ್ನ ನೇಣಿಗೆ ಹಾಕಿ ಅನ್ನೋದು, ಇನ್ನೊಂದು ಅವನ ಪರ ಯಾವ ವಕೀಲನೂ ನಿಲ್ಲಬಾರದು ಅನ್ನೋದು. ಮೊದಲನೇ ಮಾತಿನ ಹಿಂದೆ ಇರೋ ಸಿಟ್ಟು ನಂಗೂ ಅರ್ಥ ಆಗುತ್ತೆ, ಒಂದು ಮಗೂನ, ಒಬ್ಬ ಹೆಣ್ಣುಮಗಳನ್ನ ಹಿಂಸೆ ಮಾಡಿ ಕೊಂದಿದಾರೆ ಅಂದಾಗ ಸಿಟ್ಟು ಬರದೇ ಇರೋರು ಯಾರು. ಆದ್ರೆ ಎರಡನೇ ಮಾತು ಇದ್ಯಲ್ಲ, ಅದು ಮೊದಲನೇ ಮಾತನ್ನೇ ಹೊಡೆದು ಹಾಕುತ್ತೆ. "ಅವನು" ಅಂತ ಬೆರಳು ತೋರಿಸ್ತಿದೀವಲ್ಲ, ಮಾಡಿದ್ದು ಅವನೇ ಅಂತ ನಮಗೆ ಹೇಗೆ ಗೊತ್ತಾಯ್ತು? ಪೊಲೀಸರು ಹೇಳಿದ್ರು. ಪೊಲೀಸರು ಹೇಳಿದ್ದು ಸರೀನಾ ಅಂತ ನೋಡೋರು ಜಡ್ಜು. ಜಡ್ಜ್ ಮುಂದೆ ಇರೋದು ಪೊಲೀಸರೇ ಕಟ್ಟಿಕೊಟ್ಟ ಫೈಲು. ಆ ಫೈಲನ್ನ ಹಾಳೆ ಹಾಳೆ ತಿರುವಿ, ಇದು ಹೀಗೇ ನಡೀತಾ, ಈ ಸಾಕ್ಷಿ ನಿಜವಾಗ್ಲೂ ಅಲ್ಲಿದ್ನಾ, ಈ ಚಾಕು ಅಲ್ಲೇ ಸಿಕ್ತಾ ಅಂತ ಕೇಳೋದನ್ನೇ ಕೆಲಸವಾಗಿ ಮಾಡೋರು ಆ ಕೋರ್ಟ್ ಹಾಲಲ್ಲಿ ಒಬ್ರೇ, ಆರೋಪಿ ಪರ ವಕೀಲರು. ಅವರನ್ನ ಎಬ್ಬಿಸಿ ಆಚೆ ಕಳಿಸಿದ್ರೆ ಉಳಿಯೋದು ಒಂದೇ ಕಡೆಯ ಕಥೆ, ಆ ಕಥೆ ನಿಜಾನೋ ಸುಳ್ಳೋ ಯಾರೂ ಉಜ್ಜಿ ನೋಡಿರಲ್ಲ.

2017ರ ಸೆಪ್ಟೆಂಬರಲ್ಲಿ ಗುರುಗ್ರಾಮದ ಒಂದು ದೊಡ್ಡ ಖಾಸಗಿ ಶಾಲೇಲಿ ಏಳು ವರ್ಷದ ಮಗು ಕೊಲೆ ಆಯ್ತು, ನಿಮಗೆ ನೆನಪಿರಬಹುದು. ಅವತ್ತೇ ಶಾಲೆ ಬಸ್ಸಿನ ಕಂಡಕ್ಟರನ್ನ ಪೊಲೀಸರು ಹಿಡಿದ್ರು, ತಪ್ಪು ಒಪ್ಪಿಕೊಂಡಿದಾರೆ ಅಂದ್ರು, ಟಿವಿ ಕ್ಯಾಮೆರಾ ಮುಂದೇನೂ ಆ ಮನುಷ್ಯನ ಬಾಯಲ್ಲಿ ಹೌದು ಅನ್ನೋ ಮಾತು ಬಂತು, ಅಲ್ಲಿನ ವಕೀಲರ ಸಂಘದವರು ನಾವ್ಯಾರೂ ವಕಾಲತ್ತು ಹಾಕಲ್ಲ ಅಂದ್ರು, ದೇಶಕ್ಕೆ ದೇಶವೇ ಅಲ್ಲಿಗೆ ಕೇಸ್ ಮುಗೀತು ಅಂದುಕೊಂಡುಬಿಡ್ತು. ನಂಬದೇ ಇದ್ದೋರು ಅಂದ್ರೆ ಮಗುವಿನ ಹೆತ್ತವರೇ, ಅವರು ಪಟ್ಟು ಹಿಡಿದು ಸಿಬಿಐ ತನಿಖೆ ಬೇಕು ಅಂದ್ರು. ನವೆಂಬರಲ್ಲಿ ಸಿಬಿಐ ಅದೇ ಶಾಲೆಯ 11ನೇ ಕ್ಲಾಸಿನ ಒಬ್ಬ ಹುಡುಗನನ್ನ ವಶಕ್ಕೆ ತಗೊಂಡು, ಕಂಡಕ್ಟರ್ ವಿರುದ್ಧ ಏನೂ ಇಲ್ಲ ಅಂತು. 2018ರ ಫೆಬ್ರವರಿಲಿ ಕೋರ್ಟ್ ಅವರನ್ನ ಕೇಸಿಂದ ಬಿಟ್ಟಿತು, ಆಮೇಲೆ ಮೊದಲು ತನಿಖೆ ಮಾಡಿದ ಪೊಲೀಸರ ಮೇಲೇ ಸಿಬಿಐ ಚಾರ್ಜ್‌ಶೀಟ್ ಹಾಕ್ತು. ಆ ಹೆತ್ತವರು ಅಷ್ಟು ಗಟ್ಟಿ ಇಲ್ದೇ ಇದ್ದಿದ್ರೆ, ವಕೀಲರ ಸಂಘದ ಮಾತನ್ನ ಎಲ್ಲಾ ವಕೀಲರೂ ಪಾಲಿಸಿದ್ದಿದ್ರೆ, ಕ್ಯಾಮೆರಾ ಮುಂದೆ ಒಪ್ಪಿಕೊಂಡ ಆ ಕಂಡಕ್ಟರ್ ಇವತ್ತು ಎಲ್ಲಿರ್ತಿದ್ರು ಅಂತ ಯೋಚನೆ ಮಾಡಿ.

ನಮ್ಮೂರಿನ ವಿಷಯಕ್ಕೇ ಬರೋಣ. ಕೊಡಗಿನ ಕುಶಾಲನಗರದ ಹತ್ರದ ಒಬ್ಬ ಆದಿವಾಸಿ ಕೂಲಿ ಕಾರ್ಮಿಕ ಹೆಂಡತಿ ಕಾಣೆ ಆಗಿದಾಳೆ ಅಂತ ಠಾಣೆಗೆ ದೂರು ಕೊಟ್ರು. ಹಾಗೆ ದೂರು ಕೊಟ್ಟ ಮನುಷ್ಯನೇ ಆಮೇಲೆ ಆರೋಪಿ ಆದ್ರು. ಮೈಸೂರು ಜಿಲ್ಲೆ ಬೆಟ್ಟದಪುರ ಠಾಣೆ ಸರಹದ್ದಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತ್ತು, ಇದು ಅವಳದ್ದೇ, ಕೊಂದಿದ್ದು ಗಂಡನೇ ಅಂತ ಪೊಲೀಸರು ಬಂಧಿಸಿ ಜೈಲಿಗೆ ಕಳಿಸಿದ್ರು, ಡಿಎನ್‌ಎ ರಿಪೋರ್ಟ್ ಬರೋದಕ್ಕೂ ಮುಂಚೆ ಚಾರ್ಜ್‌ಶೀಟ್ ಆಯ್ತು. ಆಮೇಲೆ ರಿಪೋರ್ಟ್ ಬಂತು, ಹೆಂಡತಿಯ ತಾಯಿ ರಕ್ತದ ಮಾದರಿಗೂ ಆ ಮೂಳೆಗೂ ತಾಳೆ ಆಗ್ಲಿಲ್ಲ. ಅಂದ್ರೆ ಸತ್ತಿರೋದು ಅವಳಲ್ಲ. ಆದ್ರೂ ಕೇಸು ನಿಲ್ಲಲಿಲ್ಲ! ವರ್ಷಕ್ಕಿಂತ ಹೆಚ್ಚು ಕಾಲ ಜೈಲಲ್ಲಿದ್ದು ಜಾಮೀನಿನ ಮೇಲೆ ಆಚೆ ಬಂದ್ರೂ ಕೊಲೆ ಆರೋಪಿ ಅನ್ನೋ ಹೆಸರು ತಲೆ ಮೇಲೆ ಇದ್ದೇ ಇತ್ತು, 2025ರ ಏಪ್ರಿಲ್ 1ಕ್ಕೆ ಆ ಹೆಂಡತಿ ಮಡಿಕೇರಿಯ ಒಂದು ಹೋಟೆಲಲ್ಲಿ ಜೀವಂತವಾಗಿ ಕಣ್ಣಿಗೆ ಬೀಳೋವರೆಗೂ. ಅವರ ವಕೀಲರು ತಕ್ಷಣ ಮೈಸೂರಿನ ಸೆಷನ್ಸ್ ಕೋರ್ಟಿನ ಮುಂದೆ ವಿಷಯ ಇಟ್ರು, ಕೋರ್ಟು ಆಕೆಯನ್ನ ಕರೆಸಿ ಕೇಳ್ತು, ಅದೇ ತಿಂಗಳಲ್ಲಿ ಗಂಡನನ್ನ ಬಿಡುಗಡೆ ಮಾಡಿ 1 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಗೃಹ ಇಲಾಖೆಗೆ ಹೇಳ್ತು, ತನಿಖೆ ಮಾಡಿದವರ ಮೇಲೆ ಕ್ರಮಕ್ಕೂ ಆದೇಶ ಮಾಡ್ತು.

ಈ ಸುದ್ದಿ ಬಂದಾಗ ಎಲ್ಲರೂ ಸಿನಿಮಾ ಕಥೆ ಥರ ಹಂಚಿಕೊಂಡ್ರು. ನಂಗೆ ಮಾತ್ರ ಎದೆ ಹಿಡಿದ ಹಾಗಾಯ್ತು, ಯಾಕಂದ್ರೆ ಸತ್ತವರು ಎದ್ದು ಬಂದು ನಾನು ಬದುಕಿದೀನಿ ಅಂತ ಸಾಕ್ಷಿ ಹೇಳೋ ಕೇಸು ಎಷ್ಟು ಇರೋಕೆ ಸಾಧ್ಯ? ಮಿಕ್ಕ ಕೇಸುಗಳಲ್ಲಿ ಸತ್ತವರು ನಿಜವಾಗ್ಲೂ ಸತ್ತಿರ್ತಾರೆ, ಕೊಂದಿದ್ದು ಯಾರು ಅನ್ನೋದಷ್ಟೇ ಪ್ರಶ್ನೆ, ಅಲ್ಲಿ ತಪ್ಪು ನಡೆದಿದ್ರೆ ಅದನ್ನ ಎತ್ತಿ ತೋರಿಸೋಕೆ ಪಾಟೀಸವಾಲು (ಸಾಕ್ಷಿಯನ್ನ ಎದುರು ಕಡೆಯ ವಕೀಲರು ಪ್ರಶ್ನೆ ಮಾಡೋದು) ಬಿಟ್ಟು ಬೇರೆ ದಾರಿ ಬಹಳ ಕಮ್ಮಿ. ಆ ಅಸ್ಥಿಪಂಜರದ ಕಡೆಯೂ ಯಾರೋ ಇದಾರೆ ಅನ್ನೋದನ್ನ ಮರೀಬೇಡಿ, ಆ ಜೀವ ಯಾರದ್ದು, ಅವರಿಗೆ ಏನಾಯ್ತು ಅಂತ ಹುಡುಕೋ ವರ್ಷಗಳೆಲ್ಲ ತಪ್ಪು ಮನುಷ್ಯನ ಹಿಂದೆ ಹೋಗಿಬಿಟ್ವು.

ಫೈಲು ಹೇಗೆ ಹುಟ್ಟುತ್ತೆ ಅಂತ ಗೊತ್ತಿದ್ರೆ ಈ ಮಾತು ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಒಂದು ಕೊಲೆ ಆಯ್ತು, ಎಫ್‌ಐಆರ್ ಆಯ್ತು, ಇನ್ಸ್‌ಪೆಕ್ಟರ್ ಮೇಲೆ ಒತ್ತಡ, ಮೇಲಿನ ಸಾಹೇಬರು ದಿನಾ ಫೋನ್ ಮಾಡ್ತಾರೆ, ಟಿವಿಯವರು ಠಾಣೆ ಬಾಗಿಲಲ್ಲಿ ನಿಂತಿದಾರೆ. ಯಾರ ಮೇಲೋ ಅನುಮಾನ ಬರುತ್ತೆ, ಆ ಅನುಮಾನ ಸರಿಯಾಗಿಯೂ ಇರಬಹುದು. ಬಂದ ಮೇಲೆ ಮುಂದಿನ ಕೆಲಸ ಎಲ್ಲಾ ಅದನ್ನ ಗಟ್ಟಿ ಮಾಡೋ ಕಡೆಗೇ ಹರಿಯುತ್ತೆ, ಅದು ಪೊಲೀಸರ ಕೆಟ್ಟತನ ಅಂತ ನಾನು ಹೇಳಲ್ಲ, ಮನುಷ್ಯರ ಮನಸ್ಸು ಕೆಲಸ ಮಾಡೋದೇ ಹಾಗೆ. ಸಾಕ್ಷಿಗಳ ಹೇಳಿಕೆ ಪೊಲೀಸರೇ ಬರ್ಕೋತಾರೆ, ಅದಕ್ಕೆ ಸಾಕ್ಷಿಯ ಸಹಿ ಕೂಡ ಇರಲ್ಲ, ಹಾಗಾಗಿ ಎಷ್ಟೋ ಫೈಲಲ್ಲಿ ಐದು ಸಾಕ್ಷಿಗಳ ಹೇಳಿಕೆ ಅಕ್ಷರ ಅಕ್ಷರ ಒಂದೇ ಥರ ಇರುತ್ತೆ, ಹಳ್ಳಿಯ ಅಜ್ಜಿಯೂ ಲಾರಿ ಡ್ರೈವರೂ ಒಂದೇ ಭಾಷೇಲಿ ಮಾತಾಡಿರ್ತಾರೆ. ಮಹಜರಿಗೆ, ಅಂದ್ರೆ ಜಾಗ ನೋಡಿ, ವಸ್ತು ವಶಕ್ಕೆ ತಗೊಂಡು ಬರೆಯೋ ದಾಖಲೆಗೆ, ಪಂಚರು ಬೇಕು, ಅಂದ್ರೆ ಅಲ್ಲಿದ್ದು ನೋಡಿ ಸಹಿ ಹಾಕೋ ಸಾಕ್ಷಿಗಳು, ಜಾಗದಲ್ಲಿ ಯಾರೂ ಸಿಗಲಿಲ್ಲ ಅಂತ ಠಾಣೆಗೆ ಪರಿಚಯ ಇರೋ ಯಾರನ್ನೋ ಕರೆಸಿ ಸಹಿ ಹಾಕಿಸ್ತಾರೆ, ಅದೇ ಮನುಷ್ಯ ಬೇರೆ ಕೇಸುಗಳಲ್ಲೂ ಪಂಚ ಆಗಿರ್ತಾನೆ.

ಅದಾದ ಮೇಲೆ ಮುಖ್ಯವಾದದ್ದು ವಶಪಡಿಸಿಕೊಂಡ ವಸ್ತು. ಪೊಲೀಸರ ಮುಂದೆ ಆರೋಪಿ ತಪ್ಪೊಪ್ಪಿಕೊಂಡಿದ್ದು ಸಾಕ್ಷಿ ಆಗಲ್ಲ, ಬ್ರಿಟಿಷರ ಕಾಲದಿಂದಲೂ ಕಾನೂನು ಹಾಗೇ ಇದೆ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು 23ನೇ ಸೆಕ್ಷನ್ನಾಗಿ ಉಳಿದಿದೆ. ಹೊಡೆದ್ರೆ ಯಾರಾದ್ರೂ ಏನು ಬೇಕಾದ್ರೂ ಒಪ್ಪಿಕೊಳ್ತಾರೆ ಅಂತ ಆ ಕಾನೂನು ಬರೆದವರಿಗೂ ಗೊತ್ತಿತ್ತು. ಆದ್ರೆ ಅದಕ್ಕೊಂದು ಬಾಗಿಲು ಇದೆ, ಆರೋಪಿ ಹೇಳಿದ್ದರಿಂದ ಏನಾದ್ರೂ ವಸ್ತು ಪತ್ತೆ ಆದ್ರೆ ಆ ಮಾತಿನ ಅಷ್ಟು ಭಾಗ ಸಾಕ್ಷಿ ಆಗುತ್ತೆ. ಆದ್ದರಿಂದಲೇ ಕೊಲೆ ಕೇಸಿನ ಫೈಲು ಅಂದ್ರೆ ಪೊದೆ ಹಿಂದೆ ಇಟ್ಟಿದ್ದ ಮಚ್ಚು ತೋರಿಸ್ದ, ಮನೆ ಅಟ್ಟದ ಮೇಲೆ ರಕ್ತದ ಶರ್ಟ್ ತೋರಿಸ್ದ ಅನ್ನೋ ಮಹಜರು ಇರಲೇಬೇಕು ಅನ್ನೋ ಹಾಗಾಗಿದೆ. ಕೆಲವು ನಿಜ, ಕೆಲವು ಅಲ್ಲ. ಯಾವುದು ನಿಜ ಅಂತ ಕಾಗದ ನೋಡಿ ಯಾವ ಜಡ್ಜಿಗೂ ಹೇಳೋಕಾಗಲ್ಲ. ಪಂಚನನ್ನ ಕಟಕಟೆಗೆ ಹತ್ತಿಸಿ, ಅವತ್ತು ಎಷ್ಟು ಹೊತ್ತಿಗೆ ಹೋದ್ರಿ, ಯಾವ ಜೀಪಲ್ಲಿ, ದಾರಿಲಿ ಏನಿತ್ತು, ಮಚ್ಚು ಮಣ್ಣಾಗಿತ್ತಾ ಒಣಗಿತ್ತಾ, ಸಹಿ ಹಾಕಿದ್ದು ಅಲ್ಲೇನಾ ಠಾಣೇಲಾ ಅಂತ ಒಬ್ಬ ತಯಾರಾಗಿ ಬಂದ ವಕೀಲ ಕೇಳ್ತಾ ಹೋದಾಗ ಒಂದು ಹಂತಕ್ಕೆ ನಿಜ ಆಚೆ ಬರುತ್ತೆ, ನಿಜವಾಗ್ಲೂ ಹೋಗಿದ್ದವನು ತಡವರಿಸಿದ್ರೂ ಉತ್ತರ ಕೊಡ್ತಾನೆ, ಹೋಗದೇ ಇದ್ದವನು ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ತಾನೆ. ಇನ್ನೊಂದು ವಿಷಯ ಯಾರೂ ಹೇಳಲ್ಲ, ಇಂಥ ಪಾಟೀಸವಾಲನ್ನ ದಾಟಿ ನಿಂತ ಸಾಕ್ಷಿಗೆ ಬರೋ ಬೆಲೆಯೇ ಬೇರೆ, ಹೈಕೋರ್ಟ್ ಸುಪ್ರೀಂ ಕೋರ್ಟಿಗೆ ಹೋದ್ರೂ ಆ ಶಿಕ್ಷೆ ಅಲ್ಲಾಡಲ್ಲ. ಅಕ್ಕಸಾಲಿ ಚಿನ್ನ ಒರೆಗೆ ಹಚ್ಚೋದು ಚಿನ್ನದ ಮೇಲಿನ ದ್ವೇಷಕ್ಕಲ್ಲವಲ್ಲ, ಹಾಗೇ ಇದು.

ವಿಜ್ಞಾನ ಇದೆಯಲ್ಲ, ಡಿಎನ್‌ಎ ಇದೆ, ವಕೀಲರ ಮಾತಿನ ಚಮತ್ಕಾರ ಯಾಕೆ ಬೇಕು ಅಂತ ಕೇಳೋರು ಇದಾರೆ. ಒಂದು ಕಾಲದಲ್ಲಿ ನಮ್ಮ ಬೆಂಗಳೂರಲ್ಲೇ ನಾರ್ಕೋ ಟೆಸ್ಟ್ ಮಾಡಿಸೋಕೆ ದೇಶದ ಮೂಲೆ ಮೂಲೆಯಿಂದ ಆರೋಪಿಗಳನ್ನ ಕರ್ಕೊಂಡು ಬರ್ತಿದ್ರು, ಇಂಜೆಕ್ಷನ್ ಕೊಟ್ಟು ಬಾಯಿ ಬಿಡಿಸೋದೇ ವಿಜ್ಞಾನ ಅಂತ ಪೇಪರುಗಳು ಪುಟಗಟ್ಟಲೆ ಬರೆದ್ವು. 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಅನ್ನೋ ಕೇಸಲ್ಲಿ, ಒಪ್ಪಿಗೆ ಇಲ್ದೇ ಯಾರಿಗೂ ಇಂಥ ಟೆಸ್ಟ್ ಮಾಡಬಾರದು, ಅದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು, ಅದರ ಫಲಿತಾಂಶವನ್ನ ಎಷ್ಟು ನಂಬಬಹುದು ಅನ್ನೋ ಪ್ರಶ್ನೆಯನ್ನೂ ಉದ್ದಕ್ಕೆ ಚರ್ಚೆ ಮಾಡ್ತು. ಆ ಪ್ರಶ್ನೆ ಎತ್ತಿ ಅಲ್ಲೀವರೆಗೆ ಒಯ್ದಿದ್ದು ಆರೋಪಿಗಳ ಪರವಾದ ಅರ್ಜಿಗಳೇ.

ಡಿಎನ್‌ಎ ನಾರ್ಕೋ ಥರ ಅಲ್ಲ, ಅದು ಗಟ್ಟಿ ವಿಜ್ಞಾನ, ಆದ್ರೆ ಮಾತಾಡೋರು ಇಲ್ದೇ ಇದ್ರೆ ರಿಪೋರ್ಟ್ ತಾನಾಗೇ ಏನೂ ಹೇಳಲ್ಲ. ಮಧ್ಯಪ್ರದೇಶದ ಖಂಡ್ವಾದ ಕೇಸು ನೋಡಿ. 2013ರ ಜನವರಿ ಕೊನೇಲಿ ಒಂದು ಹೆಣ್ಣು ಮಗುವಿನ ಮೇಲೆ ಅತ್ಯಾಚಾರ, ಕೊಲೆ. ದೆಹಲಿಯ ನಿರ್ಭಯಾ ಘಟನೆ ಆಗಿ ಇನ್ನೂ ಒಂದೂವರೆ ತಿಂಗಳಾಗಿತ್ತಷ್ಟೆ, ದೇಶ ಕುದೀತಿತ್ತು. ಆರೋಪಿಗೆ ಕೋರ್ಟೇ ಒಬ್ಬ ವಕೀಲರನ್ನ ಕೊಡ್ತು, ಕೊಟ್ಟಿದ್ದು ಆರೋಪ ನಿಗದಿ ಆದ ದಿನವೇ, ಅಂದ್ರೆ ಅವರಿಗೆ ಫೈಲು ಓದೋಕೆ, ಕಕ್ಷಿದಾರನ ಜೊತೆ ಕೂತು ಮಾತಾಡೋಕೆ ಸಮಯವೇ ಇರಲಿಲ್ಲ. ಎರಡು ವಾರದೊಳಗೆ ಇಡೀ ವಿಚಾರಣೆ ಮುಗಿದು ಮಾರ್ಚ್ ಮೊದಲ ವಾರ ಮರಣದಂಡನೆ ಆಯ್ತು, ಹೈಕೋರ್ಟು ಅದನ್ನ ಎತ್ತಿ ಹಿಡೀತು. ಎಲ್ಲರೂ ಚಪ್ಪಾಳೆ ಹೊಡೆದ ವೇಗ ಅದು. 2019ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಹೀಗೆ ಮಾಡಿದ್ದು ನ್ಯಾಯದ ವಿಚಾರಣೆಯೇ ಅಲ್ಲ ಅಂತ ತೀರ್ಪು ರದ್ದು ಮಾಡಿ, ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸುಗಳಿಗೆ ಕಮ್ಮಿ ಅಂದ್ರೂ 10 ವರ್ಷ ಅನುಭವ ಇರೋ ವಕೀಲರನ್ನೇ ಕೊಡಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಅಂತ ನಿಯಮ ಮಾಡ್ತು. ಮತ್ತೆ ವಿಚಾರಣೆ ನಡೆದು ಮತ್ತೆ ಮರಣದಂಡನೆ ಆಯ್ತು, ಹೈಕೋರ್ಟು ಈ ಸಲ ಡಿಎನ್‌ಎ ತಜ್ಞರನ್ನ ಕೋರ್ಟಿಗೆ ಕರೆಸಿ ಪಾಟೀಸವಾಲಿಗೆ ಅವಕಾಶ ಕೊಡಿ ಅಂತ ವಾಪಸ್ ಕಳಿಸ್ತು. ಹಾಗೆ ತಜ್ಞರನ್ನ ಸರಿಯಾಗಿ ಪ್ರಶ್ನೆ ಕೇಳಿದಾಗ ಆ ರಿಪೋರ್ಟು ಬೇರೊಬ್ಬ ಗಂಡಸಿನ ಕಡೆ ಬೆರಳು ತೋರಿಸ್ತಿದೆ ಅನ್ನೋದು ಬಯಲಾಯ್ತು, 2024ರ ಮಾರ್ಚಲ್ಲಿ ಆರೋಪಿ ಬಿಡುಗಡೆ ಆದ್ರು. 11 ವರ್ಷ! ಒಳಗಿದ್ದ ಮನುಷ್ಯ ನೇಣಿನ ನೆರಳಲ್ಲಿ ಬದುಕಿದ್ದು ಒಂದು ಕಡೆ, ಆ ಮಗುವನ್ನ ಕೊಂದವನು ಅಷ್ಟೂ ವರ್ಷ ಎಲ್ಲಿ ಓಡಾಡಿಕೊಂಡಿದ್ದ ಅನ್ನೋದು ಇನ್ನೊಂದು ಕಡೆ. ಮೊದಲನೇ ಸಲವೇ ಕೇಳಬೇಕಾದ ಪ್ರಶ್ನೆ ಕೇಳಿಸಿಕೊಳ್ಳೋಕೆ ಇಷ್ಟು ವರ್ಷ ಬೇಕಾಯ್ತು.

ಇದರಲ್ಲಿ ನನ್ನನ್ನ ಬಹಳ ಕಾಡಿದ ಕೇಸು ಮಹಾರಾಷ್ಟ್ರದ್ದು. 2003ರಲ್ಲಿ ಒಂದು ಕುಟುಂಬದ ಮೇಲೆ ದರೋಡೆ, ಅತ್ಯಾಚಾರ, ಕೊಲೆ ನಡೀತು. ಅಲೆಮಾರಿ ಸಮುದಾಯದ ಆರು ಜನರನ್ನ ಹಿಡಿದ್ರು. ಹೈಕೋರ್ಟು ಮೂವರಿಗೆ ನೇಣು, ಮೂವರಿಗೆ ಜೀವಾವಧಿ ಅಂದ್ರೆ, 2009ರಲ್ಲಿ ಸುಪ್ರೀಂ ಕೋರ್ಟು ಆರೂ ಜನಕ್ಕೆ ನೇಣು ಅಂತು. ಅಲ್ಲಿಂದ ಹತ್ತು ವರ್ಷ ಆದ ಮೇಲೆ, 2019ರ ಮಾರ್ಚಲ್ಲಿ ಅದೇ ಸುಪ್ರೀಂ ಕೋರ್ಟು ಕೇಸನ್ನ ಮತ್ತೆ ತೆಗೆದು ನೋಡಿ ಆರೂ ಜನ ನಿರ್ದೋಷಿಗಳು ಅಂತ ಬಿಡ್ತು, ತಲಾ 5 ಲಕ್ಷ ಪರಿಹಾರ ಕೊಡಿ ಅಂತು. ಆಗಿದ್ದು ಇಷ್ಟು, ಬದುಕುಳಿದಿದ್ದ ಕಣ್ಣಾರೆ ಕಂಡ ಸಾಕ್ಷಿ ಘಟನೆ ಆದ ಸ್ವಲ್ಪ ದಿನದಲ್ಲೇ ಪೊಲೀಸರ ಹತ್ರ ಇದ್ದ ಹಳೇ ಅಪರಾಧಿಗಳ ಫೋಟೋ ನೋಡಿ ಬೇರೆ ನಾಲ್ಕು ಜನರನ್ನ ಗುರುತಿಸಿದ್ರು. ಆ ನಾಲ್ವರ ತನಿಖೆ ಮುಂದಕ್ಕೆ ಹೋಗಲಿಲ್ಲ. ಪ್ರಾಸಿಕ್ಯೂಷನ್ನವರು, ಅಂದ್ರೆ ಸರ್ಕಾರದ ಪರ ಕೇಸು ನಡೆಸೋರು, ಆ ಸಂಗತಿಯನ್ನ ಕೋರ್ಟಿಂದ ದೂರ ಇಟ್ರು. ಒಂದೇ ಒಂದು ಕಾಗದ ಅದು, ವಿಚಾರಣೆ ನಡೆಯೋವಾಗಲೇ ಸಮರ್ಥ ವಕೀಲರ ಕೈಗೆ ಸಿಕ್ಕು ಸರಿಯಾಗಿ ಬಳಕೆ ಆಗಿದ್ದಿದ್ರೆ ಕೇಸಿನ ದಿಕ್ಕೇ ಬದಲಾಗ್ತಿತ್ತು. ಮೂರು ಹಂತದ ಕೋರ್ಟು, ಓದಿದ ಅನುಭವಸ್ಥ ನ್ಯಾಯಮೂರ್ತಿಗಳು, ಯಾರ ಕಣ್ಣಿಗೂ ಆಗ ಬೀಳಲಿಲ್ಲ, ಯಾಕಂದ್ರೆ ಮುಂದೆ ಇಡದೇ ಇರೋದನ್ನ ಜಡ್ಜು ನೋಡೋದಾದ್ರೂ ಹೇಗೆ.

ಆಮೇಲೆ 2021ರಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ವಿಚಾರಣೆಗಳ ಕೊರತೆ ಸರಿ ಮಾಡೋಕೆ ಅಂತ ಕೊಟ್ಟ ನಿಯಮಗಳಲ್ಲಿ ಒಂದು ಬಹಳ ಮುಖ್ಯವಾದದ್ದು ಇದೆ, ಪೊಲೀಸರು ತಾವು ಅವಲಂಬಿಸದೇ ಬಿಟ್ಟ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು. ಚಾರ್ಜ್‌ಶೀಟಿಗೆ ಅನುಕೂಲ ಆಗೋದನ್ನ ಮಾತ್ರ ಸೇರಿಸಿ ಆಗದೇ ಇರೋದನ್ನ ಅಲಮಾರಿಲಿ ಇಡೋ ಅಭ್ಯಾಸಕ್ಕೆ ಇದು ಔಷಧಿ. ಆದ್ರೆ ಆ ಪಟ್ಟಿ ಕೊಡಿ ಅಂತ ಅರ್ಜಿ ಹಾಕೋ ವಕೀಲರಿದ್ರೆ ತಾನೇ ಔಷಧಿ ಗಂಟಲಿಗೆ ಇಳಿಯೋದು. 2024ರ ಜುಲೈ 1ರಿಂದ ಬಂದಿರೋ ಹೊಸ ಕಾನೂನಲ್ಲೂ ಹೀಗೇ, ಶೋಧ ಮತ್ತು ಜಪ್ತಿ ಮಾಡೋವಾಗ ವಿಡಿಯೋ ಮಾಡಲೇಬೇಕು ಅಂತ ಬಿಎನ್‌ಎಸ್‌ಎಸ್ ಅಂದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಹೇಳುತ್ತೆ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರೋ ಅಪರಾಧಕ್ಕೆ ವಿಧಿವಿಜ್ಞಾನ ತಜ್ಞರು ಜಾಗಕ್ಕೆ ಹೋಗಬೇಕು ಅಂತ 176ನೇ ಸೆಕ್ಷನ್ ಹೇಳುತ್ತೆ, ಅದನ್ನ ಜಾರಿ ಮಾಡೋಕೆ ರಾಜ್ಯಗಳಿಗೆ ಐದು ವರ್ಷದವರೆಗೆ ಸಮಯ ಇದೆ. ಒಳ್ಳೇ ಬದಲಾವಣೆಗಳು, ನಾನು ಮನಸಾರೆ ಸ್ವಾಗತಿಸ್ತೀನಿ. ಆ ವಿಡಿಯೋ ಪೂರ್ತಿ ಇದೆಯಾ, ಮಧ್ಯೆ ನಿಲ್ಲಿಸಿ ಮತ್ತೆ ಶುರು ಮಾಡಿದಾರಾ, ಮಚ್ಚು ತೆಗೆಯೋ ಮುಂಚಿನ ಐದು ನಿಮಿಷ ಎಲ್ಲಿ ಹೋಯ್ತು ಅಂತ ಕೂತು ನೋಡೋರು ಬೇಕಲ್ಲ. ಜಡ್ಜಿನ ಮುಂದೆ ದಿನಕ್ಕೆ ಎಷ್ಟೊಂದು ಕೇಸು ಇರುತ್ತೆ, ಅವರಿಗೆ ಆ ಬಿಡುವು ಎಲ್ಲಿಂದ ಬರಬೇಕು.

ವಕೀಲರು ಇದಾರೆ, ಆದ್ರೆ ಕೆಲಸ ಮಾಡಲ್ಲ, ಅದು ಇನ್ನೊಂದು ದೊಡ್ಡ ರೋಗ. ದೆಹಲಿಯ ಛಾವ್ಲಾ ಕೇಸಲ್ಲಿ 2012ರಲ್ಲಿ 19 ವರ್ಷದ ಹೆಣ್ಣುಮಗಳನ್ನ ಅಪಹರಿಸಿ ಕೊಂದಿದ್ರು, ಆ ಕ್ರೌರ್ಯ ನೆನೆಸಿಕೊಂಡ್ರೆ ಈಗಲೂ ಮೈ ನಡುಗುತ್ತೆ. ಮೂವರಿಗೆ ಮರಣದಂಡನೆ ಆಯ್ತು, ಹೈಕೋರ್ಟಲ್ಲೂ ಉಳೀತು, 2022ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟು ಮೂವರನ್ನೂ ಬಿಟ್ಟುಬಿಡ್ತು. ಇಡೀ ದೇಶ ಕೋರ್ಟಿನ ಮೇಲೆ ಸಿಟ್ಟಾಯ್ತು. ತೀರ್ಪು ಓದಿದ್ರೆ ಗೊತ್ತಾಗುತ್ತೆ, ಗುರುತು ಪತ್ತೆ ಪರೇಡ್ (ಸಾಲಾಗಿ ನಿಲ್ಲಿಸಿದವರಲ್ಲಿ ಆರೋಪಿ ಯಾರು ಅಂತ ಸಾಕ್ಷಿ ಗುರುತಿಸೋದು) ಮಾಡಿಸಿರಲಿಲ್ಲ, ಡಿಎನ್‌ಎ ಮಾದರಿಗಳು ಲ್ಯಾಬಿಗೆ ಹೋಗೋ ಮುಂಚೆ ಹತ್ತು ದಿನಕ್ಕಿಂತ ಹೆಚ್ಚು ಠಾಣೆಯಲ್ಲೇ ಬಿದ್ದಿದ್ವು, ಇದರ ಜೊತೆಗೆ ಕೋರ್ಟು ಇನ್ನೊಂದು ಮಾತು ಬರೆದಿದೆ, 49 ಸಾಕ್ಷಿಗಳಲ್ಲಿ ಮುಖ್ಯವಾದ 10 ಸಾಕ್ಷಿಗಳಿಗೆ ಪಾಟೀಸವಾಲೇ ಆಗಿರಲಿಲ್ಲ, ಉಳಿದ ಹಲವರಿಗೂ ಸರಿಯಾಗಿ ಆಗಿರಲಿಲ್ಲ. ಕೆಳಗಿನ ಕೋರ್ಟಲ್ಲಿ ಆರೋಪಿ ಪರ ವಕೀಲರು ಸುಮ್ಮನೆ ಕೂತಿದ್ದರಿಂದ ಲಾಭ ಆಗಿದ್ದು ಯಾರಿಗೆ ಹೇಳಿ? ಆಗಲೇ ಪ್ರಶ್ನೆಗಳು ಬಂದಿದ್ದಿದ್ರೆ ಕೊರತೆ ಎಲ್ಲಿದೆ ಅಂತ ಪ್ರಾಸಿಕ್ಯೂಷನ್ನಿಗೆ ಗೊತ್ತಾಗ್ತಿತ್ತು, ತುಂಬೋಕೆ ಆಗೋದನ್ನ ತುಂಬ್ತಿದ್ರು, ಜಡ್ಜೂ ತಮಗಿರೋ ಅಧಿಕಾರ ಬಳಸಿ ಕೇಳ್ತಿದ್ರು. ಹತ್ತು ವರ್ಷ ಕಳೆದ ಮೇಲೆ ಆ ಹೆಣ್ಣುಮಗಳ ತಂದೆ ತಾಯಿ ಕೈಗೆ ಸಿಕ್ಕಿದ್ದು ಖಾಲಿ ತೀರ್ಪು. ಆರೋಪಿಗೆ ದುರ್ಬಲ ವಕೀಲ ಇದ್ರೆ ನೊಂದವರಿಗೆ ಒಳ್ಳೇದು ಅಂದುಕೊಂಡಿರೋರು ಈ ಒಂದು ಕೇಸನ್ನ ದಯವಿಟ್ಟು ಪೂರ್ತಿ ಓದಬೇಕು.

ಇದಕ್ಕೆ ತದ್ವಿರುದ್ಧ ಉದಾಹರಣೆ ಮುಂಬೈ 26/11 ಕೇಸು. ಕಸಬ್‌ಗೆ ಯಾಕೆ ವಕೀಲರನ್ನ ಕೊಟ್ರಿ, ಬಿರಿಯಾನಿ ಯಾಕೆ, ವಿಚಾರಣೆ ಯಾಕೆ ಅಂತ ಇವತ್ತಿಗೂ ಮಾತಾಡೋರು ಇದಾರೆ. ಅವನ ಪರ ನಿಲ್ಲೋಕೆ ಒಪ್ಪಿದ ವಕೀಲರ ಮನೆ ಮೇಲೆ ಜನ ಕಲ್ಲು ತೂರಿದ್ರು. ಆದ್ರೂ ಕೊನೆ ಹಂತದವರೆಗೂ ವಕೀಲರಿದ್ರು, ಸುಪ್ರೀಂ ಕೋರ್ಟಲ್ಲಿ ಹಿರಿಯ ವಕೀಲರಾದ ರಾಜು ರಾಮಚಂದ್ರನ್ ವಾದ ಮಾಡಿದ್ರು, 2012ರ ಆಗಸ್ಟ್ 29ಕ್ಕೆ ಶಿಕ್ಷೆ ಖಾಯಂ ಆಯ್ತು, ಆ ತೀರ್ಪಿನ ಬಗ್ಗೆ ಜಗತ್ತಲ್ಲಿ ಯಾರೂ ಬೆರಳು ಎತ್ತಿ ಮಾತಾಡೋಕೆ ಆಗಲಿಲ್ಲ. ಇದು ಎಲ್ಲರಿಗೂ ಗೊತ್ತು. ಅದೇ ವಿಚಾರಣೇಲಿ ಇನ್ನಿಬ್ಬರು ಭಾರತೀಯರೂ ಆರೋಪಿಗಳಾಗಿದ್ರು ಅನ್ನೋದು ಎಷ್ಟು ಜನಕ್ಕೆ ನೆನಪಿದೆ? ದಾಳಿ ಮಾಡೋ ಜಾಗಗಳ ನಕ್ಷೆ ಬರೆದುಕೊಟ್ರು, ಆ ನಕ್ಷೆ ಸತ್ತ ಉಗ್ರನ ಪ್ಯಾಂಟ್ ಜೇಬಲ್ಲಿ ಸಿಕ್ತು ಅನ್ನೋದು ಅವರ ಮೇಲಿನ ಆರೋಪ. ಗುಂಡು ತಗುಲಿ ಬಟ್ಟೆ ಎಲ್ಲಾ ರಕ್ತ ಆಗಿರೋವಾಗ ಜೇಬಲ್ಲಿದ್ದ ಕಾಗದಕ್ಕೆ ಒಂದು ಹನಿ ರಕ್ತ ಇಲ್ಲ, ಸುಕ್ಕು ಕೂಡ ಸರಿಯಾಗಿ ಆಗಿಲ್ಲ, ಇದು ಹೇಗೆ ಸಾಧ್ಯ? ವಿಚಾರಣಾ ಕೋರ್ಟೂ ಇದನ್ನೇ ಕೇಳ್ತು, 2010ರ ಮೇ ತಿಂಗಳಲ್ಲಿ ಅವರಿಬ್ಬರನ್ನ ಬಿಟ್ಟಿತು, ಬಾಂಬೆ ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಅದನ್ನ ಒಪ್ಪಿದ್ವು. ಅವರಲ್ಲಿ ಒಬ್ಬರ ಪರ ವಾದ ಮಾಡ್ತಿದ್ದ ಶಾಹಿದ್ ಆಜ್ಮಿ ಅನ್ನೋ ಯುವ ವಕೀಲರನ್ನ ಅದೇ ವರ್ಷದ ಫೆಬ್ರವರಿ 11ಕ್ಕೆ ಕುರ್ಲಾದ ಅವರ ಆಫೀಸಲ್ಲೇ ಗುಂಡು ಹೊಡೆದು ಕೊಂದ್ರು, ಕಕ್ಷಿದಾರ ಬಿಡುಗಡೆ ಆಗೋದನ್ನ ನೋಡೋಕೆ ಅವರಿರಲಿಲ್ಲ. ಒಂದೇ ಕೋರ್ಟು, ಒಂದೇ ಫೈಲು, ಒಬ್ಬನಿಗೆ ನೇಣು ಇಬ್ಬರಿಗೆ ಬಿಡುಗಡೆ, ಎರಡೂ ಸರಿಯಾದ ಉತ್ತರ. ವಕೀಲರಿಲ್ದೇ ನಡೆದಿದ್ದಿದ್ರೆ ಮೂವರೂ ಒಂದೇ ಹಗ್ಗಕ್ಕೆ ಹೋಗ್ತಿದ್ರೋ ಏನೋ.

ನಮ್ಮ ಕರ್ನಾಟಕದಲ್ಲೂ 2020ರಲ್ಲಿ ಇಂಥದ್ದು ಎರಡು ಸಲ ಆಯ್ತು. ಜನವರಿಲಿ ಮೈಸೂರಲ್ಲಿ ಪ್ರತಿಭಟನೆಲಿ ಒಂದು ಫಲಕ ಹಿಡಿದ ಯುವತಿ ಮೇಲೆ ರಾಜದ್ರೋಹದ ಕೇಸಾದಾಗ ಅಲ್ಲಿನ ವಕೀಲರ ಸಂಘ ಯಾರೂ ವಕಾಲತ್ತು ಹಾಕಬಾರದು ಅಂತು, ಫೆಬ್ರವರಿಲಿ ಹುಬ್ಬಳ್ಳಿಲಿ ಘೋಷಣೆ ಕೂಗಿದ್ರು ಅಂತ ಮೂವರು ಕಾಶ್ಮೀರಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೆ ಕೇಸಾದಾಗಲೂ ಹಾಗೇ ನಿರ್ಣಯ ಆಯ್ತು. ಆ ಘೋಷಣೆ, ಆ ಫಲಕ ಸರಿಯೋ ತಪ್ಪೋ ಅನ್ನೋದು ಕೋರ್ಟಲ್ಲಿ ತೀರ್ಮಾನ ಆಗಬೇಕಾದ ವಿಷಯ, ತೀರ್ಮಾನಕ್ಕೂ ಮುಂಚೆ ಬಾಗಿಲು ಹಾಕೋಕೆ ವಕೀಲರ ಸಂಘಕ್ಕೆ ಯಾರು ಅಧಿಕಾರ ಕೊಟ್ರು? ಬೆಂಗಳೂರಿಂದ ವಕೀಲರು ಧಾರವಾಡ ಕೋರ್ಟಿಗೆ ಜಾಮೀನು ಅರ್ಜಿ ಹಾಕೋಕೆ ಪೊಲೀಸ್ ಕಾವಲಲ್ಲಿ ಹೋಗಬೇಕಾಯ್ತು, ಹೈಕೋರ್ಟು ಸಂಘದ ನಡೆಯನ್ನ ಕಟುವಾಗಿ ಖಂಡಿಸ್ತು. ಆಮೇಲೆ ಆ ಹುಡುಗರಿಗೆ ಜಾಮೀನು ಸಿಕ್ಕಿದ್ದು ಪೊಲೀಸರು ಸಮಯಕ್ಕೆ ಚಾರ್ಜ್‌ಶೀಟ್ ಹಾಕಲಿಲ್ಲ ಅನ್ನೋ ಕಾರಣಕ್ಕೆ. ಇಂಥ ನಿರ್ಣಯಗಳು ಕಾನೂನುಬಾಹಿರ, ಅವಕ್ಕೆ ಬೆಲೆಯೇ ಇಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲೇ ತಮಿಳುನಾಡಿನ ಒಂದು ಕೇಸಲ್ಲಿ ಸ್ಪಷ್ಟವಾಗಿ ಬರೆದಿತ್ತು. ವಿಶೇಷ ಅಂದ್ರೆ ಆ ಕೇಸಲ್ಲಿ ಕೊಯಮತ್ತೂರಿನ ವಕೀಲರು ಪೊಲೀಸರ ಪರ ಯಾರೂ ನಿಲ್ಲಬಾರದು ಅಂತ ನಿರ್ಣಯ ಮಾಡಿದ್ರು. ಇವತ್ತು ಲಾಠಿ ಹಿಡಿದೋರೂ ನಾಳೆ ಕಟಕಟೇಲಿ ನಿಲ್ಲಬಹುದು, ಅವರಿಗೂ ವಕೀಲರು ಬೇಕು.

ಎದುರು ವಾದಾನೂ ನಾನು ಗಂಭೀರವಾಗಿ ತಗೋತೀನಿ. ಪಾಟೀಸವಾಲು ಅಂದ್ರೆ ಹಿಂಸೆ ಅಂತ ತಿಳಿದಿರೋ ವಕೀಲರು ಇದಾರೆ, ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳನ್ನ ಅವಳ ನಡತೆ ಬಗ್ಗೆ ಕೇಳಿ ಅಳಿಸಿ ಅದನ್ನೇ ಗೆಲುವು ಅಂದುಕೊಳ್ತಾರೆ, ಸಾಕ್ಷಿ ಕೊಳ್ಳೋದು, ಬೇಕಂತಲೇ ವಾಯಿದೆ ಮೇಲೆ ವಾಯಿದೆ ತಗೊಂಡು ಸಾಕ್ಷಿಗಳನ್ನ ಸುಸ್ತು ಮಾಡೋದು, ಇದೆಲ್ಲಾ ನಡೆಯುತ್ತೆ. ಸಂತ್ರಸ್ತೆಯ ಹಿಂದಿನ ಲೈಂಗಿಕ ಅನುಭವದ ಬಗ್ಗೆ ಪ್ರಶ್ನೆ ಕೇಳೋದನ್ನ ಕಾನೂನೇ ನಿಷೇಧ ಮಾಡಿದೆ, ಅದನ್ನ ತಡೆಯೋದು ಜಡ್ಜಿನ ಕರ್ತವ್ಯ, ತಡೀದೇ ಇದ್ರೆ ಅದು ಜಡ್ಜಿನ ವೈಫಲ್ಯ. ಇಂಥ ಪ್ರಶ್ನೆಗಳಿಂದ ಸತ್ಯ ಒಂದಿಂಚೂ ಹತ್ರ ಬರಲ್ಲ. ಆದ್ರೆ ಇದನ್ನ ತೋರಿಸಿ ವಕೀಲಿಕೆಯೇ ಬೇಡ ಅನ್ನೋದು ಸರಿ ಅಲ್ಲ, ಕೆಟ್ಟ ಪ್ರಶ್ನೆಗೆ ಕಡಿವಾಣ ಹಾಕಿ ಒಳ್ಳೇ ಪ್ರಶ್ನೆ ಕೇಳೋ ವಕೀಲರನ್ನ ತಯಾರು ಮಾಡಬೇಕು.

ತಯಾರು ಮಾಡೋದು ಯಾರು, ದುಡ್ಡು ಯಾರದ್ದು? ಇಲ್ಲೇ ನಮ್ಮ ವ್ಯವಸ್ಥೆ ಸೋತಿರೋದು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ರು ಅಂತ ಅಪರಾಧದ ಅಂಕಿಅಂಶ ಇಡೋ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಸಿಆರ್‌ಬಿ ಲೆಕ್ಕ ಹೇಳುತ್ತೆ, ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು, ಅಂದ್ರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಕಾಗದದ ಮೇಲೆ ಇವರಿಗೆಲ್ಲ ಹಕ್ಕಿದೆ. ಸುಪ್ರೀಂ ಕೋರ್ಟಿನ 1979ರ ಹುಸೇನಾರಾ ಖಾತೂನ್ ಕೇಸಲ್ಲಿ ಉಚಿತ ವಕೀಲರು ಸಿಗೋದು ಜೀವಿಸೋ ಹಕ್ಕಿನ ಭಾಗ ಅಂದಾಯ್ತು, 1986ರ ಸುಕ್ ದಾಸ್ ಕೇಸಲ್ಲಿ ಆರೋಪಿ ಕೇಳದೇ ಇದ್ರೂ ಈ ಹಕ್ಕಿದೆ ಅಂತ ತಿಳಿಸಬೇಕು, ತಿಳಿಸದೇ ನಡೆಸಿದ ವಿಚಾರಣೆ ಊರ್ಜಿತ ಅಲ್ಲ ಅಂದಾಯ್ತು, ಕಸಬ್ ತೀರ್ಪಲ್ಲಂತೂ ಮೊದಲ ಸಲ ಹಾಜರುಪಡಿಸಿದಾಗಲೇ ವಕೀಲರ ಹಕ್ಕಿನ ಬಗ್ಗೆ ಹೇಳದೇ ಇರೋ ಮ್ಯಾಜಿಸ್ಟ್ರೇಟ್ ಕರ್ತವ್ಯಲೋಪ ಮಾಡಿದ ಹಾಗೆ, ಇಲಾಖಾ ಕ್ರಮ ಆಗಬಹುದು ಅಂತ ಬರೆದಿದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಸ್ಟಡಿಲಿರೋ ಯಾರಿಗೇ ಆಗಲಿ ಆದಾಯ ನೋಡದೇ ಉಚಿತ ವಕೀಲರನ್ನ ಕೊಡಬೇಕು. ಇದೆಲ್ಲಾ ಇದ್ದೂ ರಿಮ್ಯಾಂಡ್ (ಬಂಧಿಸಿದವರನ್ನ ಕಸ್ಟಡಿಗೆ ಕಳಿಸೋ ತೀರ್ಮಾನ) ಸಮಯದಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ಕೂತು ನೋಡಿ, ಆರೋಪಿಯನ್ನ ಕರ್ಕೊಂಡು ಬರ್ತಾರೆ, ಹೆಸರು ಕೇಳ್ತಾರೆ, ಪೊಲೀಸರು ಹೊಡೆದ್ರಾ ಅಂತ ಪೊಲೀಸರ ಪಕ್ಕದಲ್ಲೇ ನಿಲ್ಲಿಸಿ ಕೇಳ್ತಾರೆ, ಕೆಲವೇ ನಿಮಿಷದಲ್ಲಿ ಜೈಲಿಗೆ. ಕಂಡಕ್ಟರ್ ಥರದ ಕೇಸುಗಳು ಕೆಡೋದೇ ಆ ಮೊದಲ ದಿನಗಳಲ್ಲಿ, ಅವತ್ತು ಪಕ್ಕದಲ್ಲಿ ವಕೀಲರಿದ್ದು ಗಾಯದ ಗುರುತು ದಾಖಲು ಮಾಡಿಸಿದ್ರೆ, ನಾನು ಆ ಹೊತ್ತಲ್ಲಿ ಬೇರೆ ಕಡೆ ಇದ್ದೆ ಅನ್ನೋದಕ್ಕೆ ಸಿಸಿಟಿವಿ ಅಳಿಸಿ ಹೋಗೋ ಮುಂಚೆ ತೆಗೆಸಿಟ್ರೆ, ಎಷ್ಟು ವರ್ಷ ಉಳಿಯುತ್ತೆ.

2022ರಿಂದ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ಒಂದು ಹೊಸ ವ್ಯವಸ್ಥೆ ತಂದಿದೆ, ಜಿಲ್ಲೆಗೊಂದು ಕಾನೂನು ನೆರವು ರಕ್ಷಣಾ ವಕೀಲರ ಕಚೇರಿ. ಮುಂಚೆ ಉಚಿತ ನೆರವಿನ ಪಟ್ಟಿಲಿದ್ದ ಪ್ಯಾನೆಲ್ ವಕೀಲರು ತಮ್ಮ ಖಾಸಗಿ ಕೇಸುಗಳ ಮಧ್ಯೆ ಇದನ್ನೂ ನೋಡ್ತಿದ್ರು, ಕೊಡೋ ಫೀಸು ಓಡಾಟಕ್ಕೂ ಸಾಲ್ತಿರಲಿಲ್ಲ, ಈಗ ಇಲ್ಲಿರೋರು ಖಾಸಗಿ ಕೇಸು ಹಿಡಿಯೋ ಹಾಗಿಲ್ಲ, ಪೂರ್ತಿ ಸಮಯ ಇದೇ ಕೆಲಸ. ಸರ್ಕಾರಿ ಅಭಿಯೋಜಕರಿಗೆ ಕಚೇರಿ ಇರೋ ಹಾಗೆ ಆರೋಪಿಗಳ ಕಡೆಗೂ ಒಂದು ಕಚೇರಿ ಬಂದಿದ್ದು ನನ್ನ ಪ್ರಕಾರ ಈ ದಶಕದ ದೊಡ್ಡ ಸುಧಾರಣೆ, ಆದ್ರೆ ಅದರ ಬಗ್ಗೆ ಟಿವಿಲಿ ಒಂದು ಚರ್ಚೆ ಕೂಡ ನಾನು ನೋಡಿಲ್ಲ. ಕೊರತೆಗಳೂ ಇವೆ, ಇವರೆಲ್ಲಾ ಗುತ್ತಿಗೆ ಮೇಲೆ ಇರೋರು. ಪ್ರಾಸಿಕ್ಯೂಷನ್ ಬೆನ್ನಿಗೆ ಇಡೀ ಪೊಲೀಸ್ ಇಲಾಖೆ, ವಿಧಿವಿಜ್ಞಾನದ ಎಫ್‌ಎಸ್‌ಎಲ್ ಲ್ಯಾಬು ಇದೆ, ಇವರ ಕಡೆಯಿಂದ ಜಾಗಕ್ಕೆ ಹೋಗಿ ನೋಡಿ ಬರೋಕೆ ಒಬ್ಬ ತನಿಖಾ ಸಹಾಯಕ, ಡಿಎನ್‌ಎ ರಿಪೋರ್ಟ್ ಓದಿ ಹೇಳೋಕೆ ಒಬ್ಬ ಸ್ವತಂತ್ರ ತಜ್ಞ ಬೇಕು. ಖಂಡ್ವಾದಲ್ಲಿ ಹನ್ನೊಂದು ವರ್ಷ ಆದ ಮೇಲೆ ಕೇಳಿದ ಪ್ರಶ್ನೆಯನ್ನ ಮೊದಲ ತಿಂಗಳಲ್ಲೇ ಕೇಳಬೇಕು ಅಂದ್ರೆ ದುಡ್ಡು ಇಡಬೇಕಾಗಿರೋದು ಇಲ್ಲಿ.

ನಿಮ್ಮ ಮನೆಯವರನ್ನೋ ಪರಿಚಯದವರನ್ನೋ ಠಾಣೆಗೆ ಕರ್ಕೊಂಡು ಹೋದ್ರೆ, ದುಡ್ಡಿಲ್ಲ ಅಂತ ಕೈಕಟ್ಟಿ ಕೂರಬೇಡಿ. ಕಾನೂನು ಸೇವಾ ಪ್ರಾಧಿಕಾರದ 15100 ನಂಬರಿಗೆ ಫೋನ್ ಮಾಡಿ, ಇಲ್ಲಾ ಜಿಲ್ಲಾ ಕೋರ್ಟ್ ಆವರಣದಲ್ಲೇ ಅವರ ಕಚೇರಿ ಇರುತ್ತೆ, ಅಲ್ಲಿಗೆ ಹೋಗಿ. ವಿಚಾರಣೆ ಮಾಡೋವಾಗ ವಕೀಲರನ್ನ ಭೇಟಿ ಮಾಡೋ ಹಕ್ಕು ಬಿಎನ್‌ಎಸ್‌ಎಸ್ 38ನೇ ಸೆಕ್ಷನಲ್ಲಿದೆ, ಅದನ್ನ ಠಾಣೇಲಿ ಬಾಯಿ ಬಿಟ್ಟು ಕೇಳಿ. ವಕೀಲರು ಸಿಕ್ಕಿದ ಮೇಲೆ ಅವರಿಗೆ ಮೊದಲು ಹೇಳಬೇಕಾದ್ದು ಎರಡು, ಆ ದಿನ ಆ ಹೊತ್ತಲ್ಲಿ ಅವರು ಎಲ್ಲಿದ್ರು, ಅದನ್ನ ನೋಡಿದವರು ಯಾರು. ಚಾರ್ಜ್‌ಶೀಟ್ ಪ್ರತಿ ಕೈಗೆ ಬಂದಾಗ ಪೊಲೀಸರು ಬಳಸದೇ ಬಿಟ್ಟ ದಾಖಲೆಗಳ ಪಟ್ಟಿಯನ್ನೂ ಕೇಳಿದ್ರಾ ಅಂತ ವಿಚಾರಿಸಿ, ಮುಖ್ಯ ಸಾಕ್ಷಿಗಳು ಕಟಕಟೆಗೆ ಬರೋ ದಿನ ಗೊತ್ತು ಮಾಡ್ಕೊಂಡು ನೀವೂ ಕೋರ್ಟಿಗೆ ಹೋಗಿ ಕೂತ್ಕೊಳ್ಳಿ.